ಮಲಗಿಸಬ್ಯಾಡ್ರಿ, ನಡೆಸ್ರಿ

ನಮ್ಮ ಬಳ್ಳಾರಿ ಕಡೆ ಆಪರೇಷನ್ ಆದವರನ್ನು ಮಾತಾಡಿಸೋಕೆ ಹೋದರೆ ಬಾಯಿಗೆ ಮೊದಲು ಬರೋದೇ ‘ಏಳಬ್ಯಾಡ, ಮಲಕ್ಕೋ’ ಅನ್ನೋ ಮಾತು, ಅಲ್ಲೇನ್ರಿ? ಎಳನೀರು ಕೈಗಿಟ್ಟು, ಬ್ರೆಡ್ ಪೊಟ್ಟಣ ದಿಂಬಿನ ಪಕ್ಕ ಇಟ್ಟು, ಎದ್ದು ಕೂತವರನ್ನೂ ಒತ್ತಾಯ ಮಾಡಿ ಮಲಗಿಸಿ ಬರುತ್ತೇವೆ. ಕ್ಯಾನ್ಸರ್ ಅಂದರಂತೂ ಮುಗೀತು, ಮನೆಯವರು ನೀರಿನ ಚೊಂಬು ಎತ್ತೋಕೂ ಬಿಡೋದಿಲ್ಲ. ಪ್ರೀತಿಯೇ ಅದು, ಇಲ್ಲ ಅನ್ನೋದಿಲ್ಲ. ಆದರೆ ಆ ಪ್ರೀತಿ ಸ್ವಲ್ಪ ಬೇರೆ ದಿಕ್ಕಿಗೆ ತಿರುಗಬೇಕು ಅಂತ ನನಗೆ ಬಲವಾಗಿ ಅನಿಸಿದೆ.

ಕೆನಡಾ, ಆಸ್ಟ್ರೇಲಿಯಾದವರು ಮುಂದೆ ನಿಂತು ನಡೆಸಿದ ದೊಡ್ಡಕರುಳಿನ ಕ್ಯಾನ್ಸರಿನ ಪರೀಕ್ಷೆಯ ಸುದ್ದಿ 2025ರಲ್ಲಿ ಬಂತಲ್ಲ, ಅದರ ಮಾತು ಇದು. 889 ಜನ. ಅಷ್ಟು ಮಂದಿಯನ್ನು ಸೇರಿಸೋಕೇ 2009ರಿಂದ 2024ರ ತನಕ ಹಿಡೀತು ಅಂದ್ರೆ ಅವರ ತಾಳ್ಮೆ ನೋಡ್ರಿ! ಎಲ್ಲರೂ ಆಪರೇಷನ್ನು, ಕಿಮೋ ಎರಡನ್ನೂ ಮುಗಿಸಿದವರೇ. ಅರ್ಧ ಜನಕ್ಕೆ ಆರೋಗ್ಯದ ಪುಸ್ತಕ ಕೊಟ್ಟು ಕಳಿಸಿದರು. ಉಳಿದರ್ಧಕ್ಕೆ ಬೆನ್ನಿಗೊಬ್ಬರು ನಿಂತು ಮೂರು ವರ್ಷ ವ್ಯಾಯಾಮ ಮಾಡಿಸಿದರು. ಎಂಟು ವರ್ಷದ ಲೆಕ್ಕಕ್ಕೆ ಪುಸ್ತಕದವರಲ್ಲಿ ನೂರಕ್ಕೆ 83 ಮಂದಿ ಬದುಕಿದ್ದರೆ, ವ್ಯಾಯಾಮದವರಲ್ಲಿ 90. ಗರಡಿಮನೆಯ ಸಾಮು ಏನಲ್ಲ ಮತ್ತೆ. ವಾರಕ್ಕೆ ಮೂರ್ನಾಲ್ಕು ಸಲ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಚುರುಕಾಗಿ ನಡೆದರೆ ಅವರು ಕೇಳಿದ ಲೆಕ್ಕ ತುಂಬುತ್ತಿತ್ತು.

ನಡೆದರೆ ಗಡ್ಡೆಗೇನಾಗುತ್ತದೆ ಅಂತ ನೀವು ಕೇಳೋದು ಸರಿಯೇ. ಕೋಪನ್‌ಹೇಗನ್ನಿನವರು 2016ರಲ್ಲಿ ಇಲಿಗಳ ಮೇಲೆ ಇದನ್ನು ನೋಡಿದ್ದರು. ಪಂಜರದೊಳಗೆ ಒಂದು ತಿರುಗೋ ಗಾಲಿ ಇಟ್ಟುಬಿಟ್ಟರೆ ಈ ಇಲಿಗಳು ಯಾರೂ ಅಟ್ಟದೆ, ಯಾರೂ ಕರೆಯದೆ, ರಾತ್ರಿಯೆಲ್ಲ ತಮ್ಮಷ್ಟಕ್ಕೆ ಓಡುತ್ತವಂತೆ. ಎಲ್ಲಿಗೂ ಹೋಗೋದಿಲ್ಲ, ಆದರೂ ಓಟ! ಹಾಗೆ ಓಡಿದ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ಶೇ. 60ಕ್ಕೂ ಹೆಚ್ಚು ತಗ್ಗಿತ್ತು. ನಮ್ಮ ರಕ್ತದಲ್ಲಿ ಎನ್‌ಕೆ ಅನ್ನೋ ಜಾತಿಯ ಬಿಳಿಕಣಗಳಿವೆ, ಊರಿಗೆ ತಳವಾರ ಇದ್ದ ಹಾಗೆ. ಓಡಿದಾಗ ಉಕ್ಕುವ ಅಡ್ರಿನಲಿನ್ ಅವುಗಳನ್ನು ಎಬ್ಬಿಸಿ ರಕ್ತಕ್ಕೆ ಇಳಿಸುತ್ತದೆ. ದುಡಿದ ಸ್ನಾಯು ಬಿಡೋ ಇಂಟರ್‌ಲ್ಯೂಕಿನ್-6 ಅನ್ನೋ ವಸ್ತು ಅವುಗಳನ್ನು ಗಡ್ಡೆಯೊಳಕ್ಕೆ ನುಗ್ಗಿಸುತ್ತದೆ. ಆ ಕಣಗಳನ್ನೇ ತೆಗೆದು ನೋಡಿದರು, ಆಗ ಎಷ್ಟು ಓಡಿದರೂ ಲಾಭ ಕಾಣಲಿಲ್ಲ. ಇಲಿ ಇಲಿಯೇ, ಮನುಷ್ಯರಲ್ಲಿ ಇನ್ಸುಲಿನ್, ಒಳಗಿನ ಉರಿಯೂತ ಅಂತ ಬೇರೆ ದಾರಿಗಳೂ ಇರಬಹುದು ಅಂತಾರೆ. ಸ್ನಾಯು ಅಂದರೆ ಬರೀ ಭಾರ ಎತ್ತೋಕೆ ಅಂದುಕೊಂಡಿದ್ದೆವಲ್ಲ, ಅದು ಮೈಯೆಲ್ಲಕ್ಕೂ ಸುದ್ದಿ ಮುಟ್ಟಿಸುತ್ತದೆ ಅನ್ನೋದು ನನಗೆ ಈಗಲೂ ಬೆರಗು.

ನಡಿಗೆ ಅಂದರೆ ನಮಗೆ ಕೋಟೆ ಗುಡ್ಡ ನೆನಪಾಗದೆ ಇರುತ್ತದೆಯೇ? ಆ ಕೋಟೆಯ ಕಥೆ ಕೇಳೇ ಇರ್ತೀರಿ. ಹೈದರಾಲಿ ಫ್ರೆಂಚ್ ಎಂಜಿನಿಯರನನ್ನು ಕರೆಸಿ ಕೋಟೆ ಬಲಪಡಿಸಿದನಂತೆ, ಎಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಅಂತ ಗೊತ್ತಾಗಿ ಅವನನ್ನು ನೇಣಿಗೆ ಹಾಕಿಸಿದನಂತೆ. ಚಿಕ್ಕಂದಿನಲ್ಲಿ ಆ ಮೆಟ್ಟಿಲು ಹತ್ತುವಾಗೆಲ್ಲ ನನಗೆ ಪಾಪ ಆ ಎಂಜಿನಿಯರನದೇ ಚಿಂತೆ. ಒಂದು ಸಲ ಎದುರಿನ ಗುಡ್ಡ ಹತ್ತಿ ಬಂದಿದ್ದರೆ ಉಳೀತಿದ್ದನಲ್ವಾ? ಇರಲಿ, ಕಿಮೋ ಮುಗಿಸಿದವರಿಗೆ ಗುಡ್ಡದ ಮೆಟ್ಟಿಲು ಬೇಡ. ಸಪಾಟು ಓಣಿ ಸಾಕು. ಆ ಪರೀಕ್ಷೆಯಲ್ಲೂ ವ್ಯಾಯಾಮದವರಿಗೆ ಕೀಲುನೋವು, ಸ್ನಾಯುನೋವು ಹೆಚ್ಚಾಗಿತ್ತು: ನೂರಕ್ಕೆ 18 ಮಂದಿಗೆ, ಪುಸ್ತಕದವರಲ್ಲಿ ಸುಮಾರು 11.

ಕ್ಯಾನ್ಸರ್ ಆಗಿತ್ತು ಅಂತ ನೀವು ಹೇಳಿದ ನಿಮ್ಮ ಸಿರುಗುಪ್ಪದ ಬೀಗರ ವಿಷಯಕ್ಕೇ ಬರೋಣ. ಗದ್ದೆಯ ಬದುವಿನ ಮೇಲೆ ದಿನವಿಡೀ ಓಡಾಡಿದ ಜೀವ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಎಷ್ಟು ಸಲ ಹೋಗಿ ಬಂದರು, ಚಿಕಿತ್ಸೆ ಮುಗಿಸಿದರು, ಈಗ ಮಂಚ ಬಿಟ್ಟು ಇಳಿದಿಲ್ಲ ಅಂತೀರಿ. ಕುರುಗೋಡಿನಲ್ಲಿರೋ ಮಗಳು ಬಂದು ಕರೆದರೆ ‘ಈ ಬಿಸಿಲಾಗ ಎಲ್ಲಿಗೆ’ ಅಂತಾರೆ. ಬಿಸಿಲಿನ ಮಾತು ಸುಳ್ಳಲ್ಲ, ನಮ್ಮ ಬೇಸಿಗೆ ಗಟ್ಟಿಮುಟ್ಟಾದವರನ್ನೇ ಒಣಗಿಸುತ್ತದೆ. ಹೊತ್ತು ಮೂಡೋ ಮುಂಚೆ ಕಾಲುವೆ ಏರಿಯ ಮೇಲೆ ತಂಪಿರುತ್ತದೆ. ಮಗಳ ಮನೆಗೆ ಬಂದರೆ ಸಂಜೆ ದೊಡ್ಡಬಸವೇಶ್ವರನ ಗುಡಿ ತನಕ ಹೋಗಿ, ಆ ಭಾರೀ ಬಸವಣ್ಣನ ಎದುರು ಕೂತು ದಣಿವಾರಿಸಿಕೊಂಡು ವಾಪಸ್ ಬರಬಹುದು.

ಆದರೆ ‘ನಡೀರಿ’ ಅಂತ ಹೇಳಿ ಬಿಟ್ಟರೆ ಯಾರೂ ನಡೆಯೋದಿಲ್ಲ. ಆ 889 ಜನರ ಪರೀಕ್ಷೆಯಲ್ಲಿ ನನಗೆ ಹಿಡಿಸಿದ್ದು ಬೆನ್ನಿಗೆ ನಿಂತ ಆ ಒಬ್ಬರು. ಅಷ್ಟು ಮಂದಿಗೆ ತರಬೇತಿಯವರನ್ನು ನಮ್ಮ ದೊಡ್ಡಾಸ್ಪತ್ರೆಯಲ್ಲಿ ಎಲ್ಲಿಂದ ತರೋದು? ಆದರೆ ನಮ್ಮಲ್ಲಿ ಮಾತಾಡಿಸೋಕೆ ಬರೋ ಜನಕ್ಕೇನು ಬರ. ಬಂದವರು ಬ್ರೆಡ್ ಇಟ್ಟು ಹೋಗೋ ಬದಲು ಚಪ್ಪಲಿ ಮೆಟ್ಟಿಸಿ ಓಣಿಯ ತುದಿ ತನಕ ಜೊತೆಗೆ ನಡೆದು ಬರಲಿ. ಮೂಳೆಗೆ ಹಬ್ಬಿದ್ದರೆ, ಜ್ವರ ಇದ್ದರೆ, ರಕ್ತ ಕಡಿಮೆ ಇದ್ದರೆ ಬೇರೆ ಮಾತು, ಮೊದಲು ಡಾಕ್ಟರನ್ನು ಕೇಳಬೇಕು. ನಿಮ್ಮ ಬೀಗರು ಮುಂದಿನ ಸಲ ತಪಾಸಣೆಗೆ ಹೋಗೋದು ಯಾವಾಗ? ‘ಎಷ್ಟು ನಡೀಬಹುದು’ ಅಂತ ಕೇಳೋಕೆ ಹೇಳ್ರಿ, ಚೀಟಿಯಲ್ಲಿ ಬರೆಸಿಕೊಂಡೇ ಬರಲಿ.