ಮುಷ್ಟಿ ಸರ್ ಅವರ ಮಡಿ

ಮುಷ್ಟಿ ಸರ್ ಅವರ ನಿಜವಾದ ಹೆಸರು ಜಿಮ್ಮಿನ ರಿಜಿಸ್ಟರಿಗೆ ಮಾತ್ರ ಗೊತ್ತು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು. ಜೀವನವೆಲ್ಲ ನೋಟು ಎಣಿಸಿದ ಬೆರಳುಗಳಿಗೆ ಇನ್ನು ಮುಂದೆ ಏನು ಕೆಲಸ ಎಂದು ಯೋಚಿಸಿ ಕಬ್ಬಿಣ ಹಿಡಿದರು. ವಿಜಯನಗರದ ನಮ್ಮ ಜಿಮ್ಮಿಗೆ ಕೆಳಗಡೆ ಬೇಕರಿ. ಬೆಳಿಗ್ಗೆ ಆರೂವರೆಗೆ ಬಿಸಿ ಬನ್ನಿನ ವಾಸನೆ ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ, ನಿನ್ನೆ ತಿಂದ ಬನ್ನಿನ ಪಾಪವನ್ನು ನಾವು ಮೇಲೆ ಕಳೆಯುತ್ತಿರುತ್ತೇವೆ. ಆಗ ಉಳಿದವರೆಲ್ಲ ಕನ್ನಡಿ ನೋಡಿಕೊಂಡರೆ, ಮುಷ್ಟಿ ಸರ್ ಮಾತ್ರ ನಮ್ಮ ಕೈ ನೋಡುತ್ತಾರೆ. ಹಸ್ತರೇಖೆಗಾಗಿ ಅಲ್ಲ, ಮಣಿಕಟ್ಟಿಗೆ ಯಾರಾದರೂ ಪಟ್ಟಿ ಸುತ್ತಿದ್ದಾರೋ ಎಂದು.

ಪಟ್ಟಿ ಎಂದರೆ ಲಿಫ್ಟಿಂಗ್ ಸ್ಟ್ರ್ಯಾಪ್. ಒಂದೂವರೆ ಇಂಚು ಅಗಲದ, ಹತ್ತಿಯದೋ ನೈಲಾನಿನದೋ ದಪ್ಪ ಪಟ್ಟಿ. ತುದಿಯ ಕುಣಿಕೆಯನ್ನು ಮಣಿಕಟ್ಟಿಗೆ ಹಾಕಿಕೊಂಡು, ಉಳಿದ ಬಾಲವನ್ನು ರಾಡಿಗೆ ಸುತ್ತಿ, ಅದರ ಮೇಲೆ ಮುಷ್ಟಿ ಬಿಗಿಯಬೇಕು. ನೆಲದ ಮೇಲಿನ ರಾಡನ್ನು ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್ ಮಾಡುವಾಗ ಬೆನ್ನು ಮತ್ತು ತೊಡೆ ‘ಇನ್ನೂ ನಾಲ್ಕು ಎತ್ತೋಣ’ ಎನ್ನುತ್ತಿರುತ್ತವೆ, ಮುಂಗೈ ಮಾತ್ರ ‘ನನ್ನ ಕೈಲಾಗಲ್ಲ’ ಎಂದು ಬೆರಳು ಬಿಚ್ಚಿಬಿಡುತ್ತದೆ. ಪಟ್ಟಿ ಕಟ್ಟಿದರೆ ಭಾರದ ಒಂದು ಪಾಲು ಬೆರಳು ಬಿಟ್ಟು ಮಣಿಕಟ್ಟಿಗೆ ಹೋಗುತ್ತದೆ, ಬೆನ್ನಿಗೆ ಬೇಕಾದಷ್ಟು ಕೆಲಸ ಸಿಗುತ್ತದೆ. ಅದರ ಮಹಿಮೆ ಇಷ್ಟೇ.

ಮುಷ್ಟಿ ಸರ್ ಪಾಲಿಗೆ ಇದು ಮೈಲಿಗೆ. ಜಿಮ್ಮಿನಲ್ಲಿ ಅವರು ಆಚರಿಸುವ ಮಡಿಗೆ ಬಹಳ ಸೂಕ್ಷ್ಮಗಳಿವೆ. ಸೊಂಟಕ್ಕೆ ಬಿಗಿಯುವ ನಾಲ್ಕಿಂಚಿನ ಚರ್ಮದ ಬೆಲ್ಟು ಮಡಿ. ಮಂಡಿಗೆ ಏರಿಸುವ ಸ್ಲೀವ್ ಮಡಿ. ಅಂಗೈ ಬೆವರಿ ಜಾರದಂತೆ ಸವರುವ ಚಾಕ್, ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ, ಪರಮ ಮಡಿ. ಒಂದು ಅಂಗೈ ಒಳಮುಖ, ಇನ್ನೊಂದು ಹೊರಮುಖವಾಗಿ ಹಿಡಿಯುವ ಮಿಕ್ಸೆಡ್ ಗ್ರಿಪ್ ಪರಸ್ಥಳದಲ್ಲಾದರೆ ನಡೆಯುತ್ತದೆ. ಹೆಬ್ಬೆರಳನ್ನು ರಾಡಿಗೆ ಒತ್ತಿ, ಅದರ ಮೇಲೆ ಮಿಕ್ಕ ಬೆರಳು ಬಿಗಿಯುವ ಹುಕ್ ಗ್ರಿಪ್ ಸಾಕ್ಷಾತ್ ತಪಸ್ಸು. ಹೆಬ್ಬೆರಳಿನ ನೋವೇ ಅದರ ಫಲ. ಪಟ್ಟಿಯನ್ನು ಮಾತ್ರ ಮುಟ್ಟುವ ಹಾಗಿಲ್ಲ.

“ಬೆಲ್ಟು ಹೇಗೆ ಸರ್ ಮಡಿ?” ಎಂದು ನಾನೊಮ್ಮೆ ಕೇಳಿದ್ದುಂಟು.

“ಬೆಲ್ಟೇನು ಎತ್ತುತ್ತೇನಪ್ಪಾ? ಎತ್ತೋನು ನಾನು.”

“ಪಟ್ಟೀನೂ ಎತ್ತಲ್ಲವಲ್ಲ ಸರ್?”

“ಎತ್ತಲ್ಲ. ಆದ್ರೆ ಹಿಡ್ಕೊಳುತ್ತೆ.”

ಅಲ್ಲಿಗೆ ಚರ್ಚೆ ಮುಗಿಯಿತು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಅದನ್ನೂ ಅವರು ಪಟ್ಟಿ ಕಟ್ಟದೆ ಹಿಡಿದಿದ್ದಾರೆ.

ಮಡಿಗೆ ಶಾಸ್ತ್ರಾಧಾರವೂ ಉಂಟು. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಷನ್ನಿನ ಸ್ಪರ್ಧೆಗಳಲ್ಲಿ ಬೆಲ್ಟು, ಮಂಡಿಯ ಸ್ಲೀವ್, ಮಣಿಕಟ್ಟು ಅಲುಗದಂತೆ ಸುತ್ತುವ ರಿಸ್ಟ್ ರ‍್ಯಾಪ್ ಎಲ್ಲಕ್ಕೂ ಅನುಮತಿಯಿದೆ, ಸ್ಟ್ರ್ಯಾಪಿಗೆ ಇಲ್ಲ. ಮುಷ್ಟಿ ಸರ್ ಈವರೆಗೆ ಬಡಾವಣೆಯ ಗಣೇಶೋತ್ಸವದ ಹಗ್ಗಜಗ್ಗಾಟಕ್ಕೂ ಹೆಸರು ಕೊಟ್ಟವರಲ್ಲ. ಆದರೆ “ನಿಯಮ ಅಂದ್ರೆ ನಿಯಮ” ಎನ್ನುತ್ತಾರೆ. ಬೆಂಚ್ ಪ್ರೆಸ್ ಮಾಡಲು ರಿಸ್ಟ್ ರ‍್ಯಾಪ್ ಸುತ್ತಿಕೊಳ್ಳುತ್ತಿದ್ದ ಹುಡುಗಿಯೊಬ್ಬಳಿಗೆ ಒಮ್ಮೆ ಸ್ಟ್ರ್ಯಾಪಿನ ದುಷ್ಪರಿಣಾಮಗಳ ಬಗ್ಗೆ ದೀರ್ಘ ಉಪನ್ಯಾಸ ಕೊಟ್ಟರು. ಅವಳು ತಾಳ್ಮೆಯಿಂದ ಕೇಳಿ, “ಅಂಕಲ್, ಇದು ಸ್ಟ್ರ್ಯಾಪ್ ಅಲ್ಲ, ರ‍್ಯಾಪ್. ನಿಮ್ಮ ಫೆಡರೇಷನ್ನೇ ಒಪ್ಪುತ್ತೆ” ಎಂದಳು. ಮುಷ್ಟಿ ಸರ್ ಕಣ್ಣು ಮಿಟುಕಿಸದೆ, “ಗೊತ್ತಮ್ಮ. ಮುಂದೆ ಅದಕ್ಕೆ ಕೈ ಹಾಕಬಾರದಲ್ಲ ಅಂತ ಮುಂಚಿತವಾಗಿ ಹೇಳಿದೆ” ಎಂದರು.

ಅವರ ಪರಂಪರೆ ಮೈಸೂರಿನ ಗರಡಿಯಿಂದ ಶುರುವಾಗುತ್ತದೆ. “ನಮ್ಮ ತಾತ ಗರಡೀಲಿ ಸಾಮು ತೆಗೆಯೋವಾಗ ಪಟ್ಟಿ ಕಟ್ಟಿದ್ರಾ? ಲಂಗೋಟಿ ಬಿಟ್ರೆ ಇನ್ನೇನೂ ಕಟ್ತಿರಲಿಲ್ಲ.” ಜಿಮ್ಮಿನ ಟ್ರೇನರ್ ಹಾಸನದ ಕಡೆಯ ಹುಡುಗ, ಬಾಯಿ ಸ್ವಲ್ಪ ಮುಂದು. “ಮತ್ತೆ ವಿಜಯದಶಮಿ ದಿನ ಅರಮನೇಲಿ ಜಟ್ಟಿಗಳು ವಜ್ರಮುಷ್ಟಿ ಕಾಳಗ ಆಡ್ತಾರಲ್ಲ ಸಾರ್, ಬೆರಳಿಗೆ ಅದೇನೋ ಹಾಕ್ಕೊಂಡಿರ್ತಾರಲ್ಲ?” ಎಂದ. ಮುಷ್ಟಿ ಸರ್ ಒಂದು ಗಳಿಗೆ ತಡೆದು, “ಅದು ಹೊಡೆಯೋಕಪ್ಪ, ಹಿಡಿಯೋಕಲ್ಲ” ಎಂದರು. ತರ್ಕದಲ್ಲಿ ಅವರನ್ನು ಮಣಿಸುವುದು ಜಟ್ಟಿಗಳಿಗೂ ಕಷ್ಟ.

ಜಾಗತಿಕ ದಾಖಲೆಗಳ ವಿಷಯದಲ್ಲೂ ಅವರದು ಇದೇ ನ್ಯಾಯ. 2016ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎಡ್ಡಿ ಹಾಲ್ ಎಂಬ ದೈತ್ಯ 500 ಕೆಜಿ ಡೆಡ್‌ಲಿಫ್ಟ್ ಎತ್ತಿದ. 2020ರಲ್ಲಿ ಐಸ್‌ಲೆಂಡಿನ ಹಾಫ್ಥೋರ್ ಬ್ಯೋರ್ನ್‌ಸನ್ ಅದಕ್ಕಿಂತ ಒಂದು ಕೆಜಿ ಹೆಚ್ಚು ಎತ್ತಿದ. ಸ್ಟ್ರಾಂಗ್‌ಮನ್ ಪಂಥದಲ್ಲಿ ಸ್ಟ್ರ್ಯಾಪಿಗೆ ಅಡ್ಡಿಯಿಲ್ಲವಾದ್ದರಿಂದ ಇಬ್ಬರೂ ಕಟ್ಟಿಕೊಂಡೇ ಎತ್ತಿದ್ದರು. ಮುಷ್ಟಿ ಸರ್ ಮೊಬೈಲಿನಲ್ಲಿ ಎರಡೂ ವಿಡಿಯೊ ನೋಡಿ, “ಇದು ಎತ್ತಿದ್ದಲ್ಲ, ನೇತುಹಾಕಿದ್ದು” ಎಂದು ತೀರ್ಪು ಕೊಟ್ಟರು. ಅವರ ಲೆಕ್ಕದಲ್ಲಿ ಗಂಡಸೆಂದರೆ 2011ರಲ್ಲಿ ಪಟ್ಟಿಯಿಲ್ಲದೆ 460 ಕೆಜಿ ಎತ್ತಿದ ಬೆನೆಡಿಕ್ಟ್ ಮ್ಯಾಗ್ನುಸನ್. ಅರ್ಧ ಟನ್ ಕಬ್ಬಿಣವನ್ನು ನೆಲದಿಂದ ಬಿಡಿಸಿದವನಿಗೆ ವಿಜಯನಗರದಲ್ಲಿ ಪಾಸ್ ಮಾರ್ಕು ಸಿಗಲಿಲ್ಲವೆಂಬುದು ಇನ್ನೂ ಲೀಡ್ಸ್ ತಲುಪಿಲ್ಲ.

“ನಮ್ಮ ಮೀರಾಬಾಯಿ ಚಾನು ಟೋಕಿಯೊ ಒಲಿಂಪಿಕ್ಸಿನಲ್ಲಿ ಒಟ್ಟು 202 ಕೆಜಿ ಎತ್ತಿ ಬೆಳ್ಳಿ ಗೆದ್ದಾಗ ಪಟ್ಟಿ ಇತ್ತಾ?” ಎಂದು ಸವಾಲು ಹಾಕಿದರು.

“ಸ್ಪರ್ಧೇಲಿ ಇರಲ್ಲ ಸಾರ್,” ಎಂದ ಟ್ರೇನರ್. “ಆದ್ರೆ ವೇಟ್‌ಲಿಫ್ಟರುಗಳು ಪ್ರಾಕ್ಟೀಸಲ್ಲಿ ಸ್ನ್ಯಾಚ್ ಪುಲ್ ಹೊಡೆಯೋವಾಗ ಕಟ್ತಾರೆ. ದಿನಾ ಎಳೆದೆಳೆದು ಅಂಗೈ ಕಿತ್ತುಹೋದ್ರೆ ನಾಳೆ ಎತ್ತೋದು ಹೆಂಗೆ? ಕ್ಲೀನ್ ಮಾಡೋವಾಗ ಮಾತ್ರ ಕಟ್ಟಲ್ಲ. ರಾಡು ಹೆಗಲಿಗೆ ತಿರುಗೋವಾಗ ಮಣಿಕಟ್ಟು ಸಿಕ್ಕಾಕ್ಕೊಂಡ್ರೆ ಮುರಿದೋಯ್ತದೆ.”

ಮುಷ್ಟಿ ಸರ್ ಕೊನೆಯ ವಾಕ್ಯವನ್ನಷ್ಟೇ ಎತ್ತಿಕೊಂಡರು. ಮರುದಿನದಿಂದ ಜಿಮ್ಮಿನಲ್ಲಿ ಸುದ್ದಿ: ಪಟ್ಟಿ ಕಟ್ಟಿದರೆ ಮಣಿಕಟ್ಟು ಮುರಿಯುತ್ತದೆ ಎಂದು ಟ್ರೇನರೇ ಒಪ್ಪಿಕೊಂಡಿದ್ದಾನೆ.

ಅವರ ಕೋಪಕ್ಕೆ ಕಾರಣವೇ ಇಲ್ಲವೆಂದಲ್ಲ. ನಮ್ಮಲ್ಲೊಬ್ಬ ಸಾಫ್ಟ್‌ವೇರ್ ಹುಡುಗನಿದ್ದಾನೆ. ಏಳೂವರೆ ಕೆಜಿ ಡಂಬೆಲ್ಲಿಗೂ ಅವನಿಗೆ ಪಟ್ಟಿ ಬೇಕು. ಎಡಗೈಗೆ ಕಟ್ಟುವವರೆಗೆ ಎಲ್ಲವೂ ಸಸೂತ್ರ. ಬಲಗೈಯದನ್ನು ರಾಡಿಗೆ ಸುತ್ತುವ ಹೊತ್ತಿಗೆ ಎಡಗೈ ಆಗಲೇ ಬಂಧನದಲ್ಲಿರುತ್ತದೆ. ಒಂದೇ ಕೈಯ ಬೆರಳಲ್ಲಿ ಬಾಲ ನುಲಿಯುತ್ತಾನೆ, ಜಾರಿದರೆ ಬಗ್ಗಿ ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾನೆ. ಎತ್ತುವುದು ಹತ್ತು ಸೆಕೆಂಡು, ಕಟ್ಟುವುದು ಎರಡು ನಿಮಿಷ. ಒಂದು ದಿನ ಎರಡೂ ಕೈ ಕಟ್ಟಿಕೊಂಡು ಸಿದ್ಧನಾದ ಕ್ಷಣಕ್ಕೆ ಸರಿಯಾಗಿ, ನೆಲದ ಮೇಲಿದ್ದ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ‘ಮ್ಯಾನೇಜರ್’. ನೂರು ಕೆಜಿಗೆ ಕಟ್ಟುಬಿದ್ದ ಹುಡುಗ ಅಸಹಾಯಕನಾಗಿ ಸುತ್ತ ನೋಡಿದ. ಮುಷ್ಟಿ ಸರ್ ನಿಧಾನವಾಗಿ ಬಂದು, ಫೋನನ್ನು ಎರಡೇ ಬೆರಳಲ್ಲಿ ಚಿವುಟಿ ಹಿಡಿದು ಅವನ ಕಿವಿಗಿಟ್ಟರು. ಮಾತು ಮುಗಿಯುವವರೆಗೂ ಇಟ್ಟೇ ಇದ್ದರು. ಆಮೇಲೆ ನಮ್ಮ ಕಡೆ ತಿರುಗಿ, “ನೋಡಿ, ಇದಕ್ಕೆ ಪಿಂಚ್ ಗ್ರಿಪ್ ಅಂತಾರೆ” ಎಂದರು.

ಜಿಮ್ಮಿನ ಹೊರಗೂ ಮಡಿ ಸಡಿಲವಾಗುವುದಿಲ್ಲ. ಮೆಟ್ರೋದ ನೇರಳೆ ಮಾರ್ಗದಲ್ಲಿ ಅವರನ್ನು ಗುರುತಿಸುವುದು ಸುಲಭ. ಎಲ್ಲರೂ ಮೇಲಿಂದ ನೇತಾಡುವ ಹಿಡಿಗೆ ಕೈ ಕೊಟ್ಟಿದ್ದರೆ, ಇವರೊಬ್ಬರು ಅದನ್ನು ಪಕ್ಕಕ್ಕೆ ಸರಿಸಿ ಅದರ ಮೇಲಿನ ಸ್ಟೀಲ್ ಕಂಬಿಯನ್ನೇ ಹಿಡಿದಿರುತ್ತಾರೆ. ಏಕೆಂದರೆ ನೇತಾಡುವುದೂ ಒಂದು ಪಟ್ಟಿಯೇ! ಮಾರ್ಕೆಟ್ಟಿನಿಂದ ಬರುವಾಗ ಆರು ಕೈಚೀಲವನ್ನು ಒಂದೇ ಸಲ ಹೊತ್ತು, ಬೆರಳಿಗೆ ಬಿದ್ದ ಕೆಂಪು ಬರೆಗಳನ್ನು ಲಿಫ್ಟಿನಲ್ಲಿ ಸಿಕ್ಕವರಿಗೆ ತೋರಿಸುತ್ತಾರೆ. ಮದುವೆಮನೆಯಲ್ಲಿ ಅವರು ವೇದಿಕೆ ಹತ್ತಿದರೆ ವರನ ಕಡೆಯವರು ಮೊದಲೇ ಎಚ್ಚರಿಸುತ್ತಾರೆ: “ಕೈ ಮುಗಿದುಬಿಡು, ಕೊಡಬೇಡ.” ದರ್ಶಿನಿಯ ಕ್ಯಾಷ್ ಕೌಂಟರಿನ ಮುಂದೆ ಮಾತ್ರ ಆ ಕೈ ಜೇಬಿನಿಂದ ಬೇಗ ಹೊರಬರುವುದಿಲ್ಲ.

ಅವರ ಮನೆ ಮೂರನೇ ಮಹಡಿ. ಲಿಫ್ಟು ಕೆಟ್ಟ ದಿನವೇ ಗ್ಯಾಸ್ ಸಿಲಿಂಡರ್ ಬಂತು. ಒಳಗೆ 14.2 ಕೆಜಿ ಅನಿಲ, ಮೇಲೆ ಉಕ್ಕಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಮುಷ್ಟಿ ಸರ್ ತಂದವನನ್ನು ತಡೆದು, ಮೇಲಿನ ಬಳೆಯನ್ನು ಒಂದೇ ಕೈಯಲ್ಲಿ ಹಿಡಿದು ಹತ್ತತೊಡಗಿದರು. ಮೊದಲ ಮಹಡಿಗೆ ಮುಖ ಕೆಂಪಾಯಿತು, ಎರಡನೆಯದಕ್ಕೆ ಬೆರಳು ಬಿಳಿಯಾಯಿತು. ಸಿಲಿಂಡರಿನವನು ಹಿಂದಿನಿಂದ, “ಸಾರ್, ಇಂಗೆ ಕೊಡಿ. ನಂಗೆ ಇನ್ನೂ ಮೂವತ್ತು ಮನೆ ಐತೆ” ಎಂದು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹೆಗಲ ಮೇಲಿಟ್ಟು, ಅದರ ಮೇಲೆ ಸಿಲಿಂಡರ್ ಏರಿಸಿ ಸರಸರನೆ ಹೋದ. ಹೊಟ್ಟೆಪಾಡಿಗೆ ಭಾರ ಹೊರುವವನಿಗೆ ಮಡಿಯಿಲ್ಲ. ಸುಲಭ ಯಾವುದೋ ಅದೇ ಶಾಸ್ತ್ರ. ಮುಷ್ಟಿ ಸರ್ ಆ ಟವೆಲ್ಲನ್ನು ಬಹಳ ಹೊತ್ತು ದುರುಗುಟ್ಟಿ ನೋಡಿದರಂತೆ.

ಇಷ್ಟಾದರೂ ಅವರು ಅಲುಗದಿರಲು ಒಂದು ವೈದ್ಯಕೀಯ ಆಧಾರವಿದೆ. 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. 17 ದೇಶಗಳ ಸುಮಾರು 1.4 ಲಕ್ಷ ಜನರ ಕೈಹಿಡಿತವನ್ನು ಯಂತ್ರದಲ್ಲಿ ಅಳೆದು ವರ್ಷಗಟ್ಟಲೆ ಗಮನಿಸಿದಾಗ, ಹಿಡಿತ 5 ಕೆಜಿ ಕಡಿಮೆಯಿದ್ದಂತೆಲ್ಲ ಸಾವಿನ ಅಪಾಯ ಶೇ 16ರಷ್ಟು ಹೆಚ್ಚು ಕಂಡಿತು. ಮುಷ್ಟಿ ಸರ್ ಇದರ ಪ್ರಿಂಟು ತೆಗೆಸಿ ಪರ್ಸಿನಲ್ಲಿಟ್ಟುಕೊಂಡಿದ್ದಾರೆ. ಕ್ಯಾಷಿಯರ್ ಬುದ್ಧಿ, ಐದೈದು ಕೆಜಿ ಏರಿಸುತ್ತಾ ಹೋದರೆ ಎಷ್ಟು ವರ್ಷಕ್ಕೆ ಯಮನ ಖಾತೆ ಚುಕ್ತಾ ಆಗುತ್ತದೆಂದು ಹಿಂಬದಿಯಲ್ಲಿ ಲೆಕ್ಕ ಹಾಕಿದ್ದಾರೆ. ಹಿಡಿತವೆಂಬುದು ಇಡೀ ಮೈಯ ಕಸುವು ಹೇಗಿದೆ ಎಂಬುದಕ್ಕೆ ಗುರುತು ಅಷ್ಟೇ, ಸೋಫಾದ ಮೇಲೆ ಕೂತು ಮುಷ್ಟಿಯಲ್ಲಿ ವ್ಯಾಯಾಮದ ಸ್ಪ್ರಿಂಗ್ ಹಿಂಡಿದ ಮಾತ್ರಕ್ಕೆ ಆಯುಸ್ಸು ಬೆಳೆಯುತ್ತದೆಂದು ಆ ಅಧ್ಯಯನ ಹೇಳಿಲ್ಲ ಎಂದು ಅವರ ಅಳಿಯ ತಿಳಿಸಿದ. ಅಳಿಯ ಡಾಕ್ಟರು. ಆದರೆ ಅವನ ಹಸ್ತಲಾಘವ ಮೆತ್ತಗಿರುವುದರಿಂದ ಆ ಅಭಿಪ್ರಾಯವನ್ನು ಪರಿಗಣಿಸಲಿಲ್ಲ.

ಕೊನೆಗೆ ಮಾತಾಡಿದ್ದು ಮೊಣಕೈ. ಬೆಳಿಗ್ಗೆ ಪಟ್ಟಿಯಿಲ್ಲದ ಡೆಡ್‌ಲಿಫ್ಟು, ಮಧ್ಯಾಹ್ನ ಟಿವಿ ಮುಂದೆ ಸ್ಪ್ರಿಂಗು, ಸಂಜೆ ಪಾರ್ಕಿನ ಕಂಬಿಗೆ ಜೋತುಬೀಳುವುದು. ಮೊಣಕೈಯ ಒಳಭಾಗದ ಸ್ನಾಯುರಜ್ಜು ಉರಿಯತೊಡಗಿ, ಕಾಫಿ ಲೋಟ ಎತ್ತಿದರೂ ಚಳುಕು. ಫಿಸಿಯೊಥೆರಪಿಸ್ಟ್ ಒತ್ತಿ ನೋಡಿ, “ಕೆಲವು ವಾರ ಹಿಂಡೋದು ಬಿಡಿ. ಬೆನ್ನಿನ ವ್ಯಾಯಾಮ ಬಿಡಲ್ಲ ಅಂದ್ರೆ ಹಗುರವಾಗಿ, ಸ್ಟ್ರ್ಯಾಪ್ ಕಟ್ಟಿ ಮಾಡಿ” ಎಂದರು.

ಹಾಸನದ ಹುಡುಗ ಅವತ್ತು ತಮಾಷೆ ಮಾಡಲಿಲ್ಲ. “ನಾನೂ ಇಷ್ಟೇ ಹೇಳ್ತಿದ್ದಿದ್ದು ಸಾರ್. ಹಗುರದ ಸೆಟ್ಟೆಲ್ಲ ಬರಿಗೈಲಿ. ಬೆನ್ನಿಗೆ ಇನ್ನೂ ಶಕ್ತಿ ಇದ್ದು ಕೈ ಸೋತಾಗ ಪಟ್ಟಿ. ಕೈಗೆ ವಾರಕ್ಕೆರಡು ದಿನ ಕೊನೇಲಿ ಬೇರೆ ಕೆಲಸ: ಕಂಬಿಗೆ ಜೋತುಬೀಳೋದು, ಪ್ಲೇಟು ಚಿವುಟಿ ಹಿಡಿಯೋದು, ಡಂಬೆಲ್ ಹಿಡ್ಕೊಂಡು ನಡೆಯೋದು. ಎರಡಕ್ಕೂ ಜಗಳ ಎಲ್ಲೈತೆ?”

ಆಪತ್ತಿಗೆ ಶಾಸ್ತ್ರದಲ್ಲಿ ವಿನಾಯಿತಿಯುಂಟು. ಮುಷ್ಟಿ ಸರ್ ಕಪ್ಪು ಬಣ್ಣದ ಪಟ್ಟಿ ತರಿಸಿ, ಒಗೆದು, ದೇವರಮನೆಯ ಪಕ್ಕದ ಗಳುವಿನ ಮೇಲೆ ಒಣಹಾಕಿದರು. ಮನೆಯವರು ಅದನ್ನು ಕೋಲಿನಲ್ಲಿ ಎತ್ತಿ ಬಾಲ್ಕನಿಗೆ ಎಸೆದರು. ಮೊದಲ ವಾರ ಮೂಲೆಯಲ್ಲಿ, ತುಂಬುತೋಳಿನ ಅಂಗಿಯೊಳಗೆ ಕಟ್ಟಿ ಎತ್ತಿದರು. ಮೂರನೇ ವಾರಕ್ಕೆ ಕನ್ನಡಿಯ ಮುಂದೆ ಬಂದರು. ಎರಡು ತಿಂಗಳಿಗೆ ಮೊಣಕೈ ನೋವು ಇಳಿಯಿತು, ಇಷ್ಟು ವರ್ಷ ಕೈಗೆ ಹೆದರಿ ಕೂತಿದ್ದ ಬೆನ್ನು ಅಗಲವಾಗಿ ಹಳೆಯ ಟೀ ಶರ್ಟು ಬಿಗಿಯಾಯಿತು. ಅದಕ್ಕೆ ಕಾರಣ ಕೇಳಿದವರಿಗೆ, “ಎಲ್ಲಾ ಆ ಸ್ಪ್ರಿಂಗ್ ಹಿಂಡಿದ್ದರ ಫಲ” ಎನ್ನುತ್ತಾರೆ.

ಈಗ ಜಿಮ್ಮಿನಲ್ಲಿ ಯಾರು ಬೇಕಾದರೂ ಪಟ್ಟಿ ಕಟ್ಟಬಹುದು ಎಂದುಕೊಂಡಿದ್ದೆವು. ಮೊನ್ನೆ ಸಾಫ್ಟ್‌ವೇರ್ ಹುಡುಗ ಎಂದಿನಂತೆ ಎಡಗೈ ಮುಗಿಸಿ ಬಲಗೈಗೆ ಹಲ್ಲು ಹಾಕಿದ್ದ. ಮುಷ್ಟಿ ಸರ್ ಧಾವಿಸಿ ಬಂದು ಅವನ ಕೈ ಹಿಡಿದುಕೊಂಡರು.

“ಅಯ್ಯೋ, ಹಾಗೆ ಹೊರಗಡೆಯಿಂದ ಸುತ್ತಬಾರದಪ್ಪ! ಒಳಗಡೆಯಿಂದ ಸುತ್ತಬೇಕು. ಒಂದೇ ಸುತ್ತು. ಬಲಗೈ ಮೊದಲು. ಅದಕ್ಕೂ ಒಂದು ಕ್ರಮ ಇದೆ.”