ಹಿಮಪಥ ದ್ವಿಚಕ್ರಪತನ ಮೀಮಾಂಸೆ: ಒಂದು ತಾತ್ವಿಕ ಅನುಸಂಧಾನ

1. ಪ್ರಸ್ತಾವನೆ

ಹಿಮಾವೃತ ಮಾರ್ಗದಲ್ಲಿ ಭಾರೀ ಮೋಟಾರ್‌ಸೈಕಲ್ ಓಡಿಸುವ ಕ್ರಿಯೆಯನ್ನು ಅದರ ಸಾಂಸ್ಕೃತಿಕ, ತಾತ್ವಿಕ, ಭೌತಿಕ ಹಾಗೂ ಸೊಂಟದ ಮೂಳೆಯ ನೆಲೆಗಳಲ್ಲಿ ಅನುಸಂಧಾನಕ್ಕೆ ಒಳಪಡಿಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿದೆ. ಈ ವಿಷಯವಾಗಿ ಕನ್ನಡದಲ್ಲಿ ಗಂಭೀರ ಚರ್ಚೆ ನಡೆದೇ ಇಲ್ಲ ಎಂಬುದು ವಿಷಾದದ ಸಂಗತಿ. ಹೀಗೆ ವಿಷಾದಿಸದೆ ಪ್ರಬಂಧ ಶುರು ಮಾಡಿದವರಿಗೆ ವಿಚಾರಸಂಕಿರಣದಲ್ಲಿ ಪ್ರಮಾಣಪತ್ರ ಕೊಡುವುದಿಲ್ಲವಾದ್ದರಿಂದ ನಾನೂ ವಿಷಾದಿಸಿದ್ದೇನೆ.

ಅಧ್ಯಯನದ ವ್ಯಾಪ್ತಿ: ಹಿಮಾಚಲ ಪ್ರದೇಶದ ಕಿನ್ನೌರ್‌ನಿಂದ ಸ್ಪಿತಿ ಕಣಿವೆಯ ಕಾಜಾವರೆಗಿನ ರಸ್ತೆ. ಚಳಿಗಾಲದಲ್ಲಿ ಮನಾಲಿ ಕಡೆಯ ಕುಂಜುಮ್ ಕಣಿವೆದಾರಿ ಹಿಮದಲ್ಲಿ ಮುಚ್ಚಿಹೋಗುವುದರಿಂದ ಕಾಜಾಕ್ಕೆ ಇದೊಂದೇ ದಾರಿ. ಅಧ್ಯಯನದ ಕಾಲ: ಜನವರಿ. ಅಧ್ಯಯನದ ಉಪಕರಣ: ಸುಮಾರು 195 ಕೆ.ಜಿ. ತೂಕದ ಬುಲೆಟ್ ಜಾತಿಯ ಬೈಕು. ಅಧ್ಯಯನದ ವಿಧಾನ: ಬೀಳುವುದು.

2. ಪೂರ್ವಾಧ್ಯಯನಗಳ ಸಮೀಕ್ಷೆ

ಲಭ್ಯವಿರುವ ವಾಙ್ಮಯವನ್ನು ಸ್ಥೂಲವಾಗಿ ಎರಡು ಧಾರೆಗಳಾಗಿ ವಿಂಗಡಿಸಬಹುದು.

ಮೊದಲನೆಯದು ಆತ್ಮಶೋಧನಾ ಧಾರೆ. ಈ ಧಾರೆಯ ಸವಾರರು ಬೆಂಗಳೂರಿನಿಂದ ಬೈಕನ್ನು ರೈಲಿಗೆ ಪಾರ್ಸೆಲ್ ಹಾಕಿ, ತಾವು ವಿಮಾನದಲ್ಲಿ ಹೋಗಿ, ಚಂಡೀಗಢದಿಂದಾಚೆಗೆ ತಮ್ಮನ್ನು ತಾವು ಹುಡುಕಿಕೊಳ್ಳುತ್ತಾರೆ. ಹಿಮಾಲಯವನ್ನು ಗೆಲ್ಲುತ್ತಾರೆ, ಯಂತ್ರದೊಡನೆ ಸಂವಾದಿಸುತ್ತಾರೆ. ಕಾಜಾದ ಬಂಕಿನಲ್ಲಿ 'ಜಗತ್ತಿನಲ್ಲೇ ಅತಿ ಎತ್ತರದ ಪೆಟ್ರೋಲ್ ಬಂಕ್' ಎಂಬ ಬೋರ್ಡಿನ ಕೆಳಗೆ ಎದೆಯುಬ್ಬಿಸಿ ಫೋಟೊ ತೆಗೆಸಿಕೊಳ್ಳುವುದರೊಂದಿಗೆ ಶೋಧನೆ ಮುಗಿಯುತ್ತದೆ.

ಎರಡನೆಯದು ಸಂಕಥನ ಧಾರೆ. ಈ ಧಾರೆಯ ವಿದ್ವಾಂಸರು ಬೈಕು ಹತ್ತುವುದಿಲ್ಲ, 'ದ್ವಿಚಕ್ರೀಯ ಅನನ್ಯತೆಯ ಸ್ಥಿತ್ಯಂತರಗಳು' ಎಂದು ಪತ್ರಿಕೆ ಮಂಡಿಸುತ್ತಾರೆ. ಕೇಂದ್ರದಿಂದ ಅಂಚಿಗೆ ಸರಿಯಬೇಕಾದ ತುರ್ತನ್ನು ಕುರಿತು ಇವರು ನಲವತ್ತು ನಿಮಿಷ ಮಾತಾಡಬಲ್ಲರು. ಕಿನ್ನೌರ್ ರಸ್ತೆಯಲ್ಲಿ ಅದನ್ನು ಆಚರಣೆಗೆ ತರಬಾರದು. ಅಲ್ಲಿ ಅಂಚಿನಾಚೆ ತಡೆಗೋಡೆ ಇಲ್ಲ, ಬಹಳ ಕೆಳಗೆ ನದಿ ಇದೆ.

ಎರಡೂ ಧಾರೆಗಳಿಗೆ ಒಂದು ಸಮಾನ ಮಿತಿಯಿದೆ. ಬೆಂಗಳೂರು ಕಂಡ ದಾಖಲೆಯ ಚಳಿ 1884ರ ಜನವರಿ 13ರ 7.8 ಡಿಗ್ರಿ. ಆ ಊರಿನಲ್ಲಿ ಕೂತು ಮೈನಸ್ ಇಪ್ಪತ್ತರ ಬಗ್ಗೆ ಸಲಹೆ ಕೊಡುವವರ ವಿನಯ ಎಷ್ಟಿರಬೇಕೋ ಅಷ್ಟು ನಮ್ಮಲ್ಲಿ ಯಾರಿಗೂ ಇಲ್ಲ.

ಅಂತರರಾಷ್ಟ್ರೀಯ ಸಂದರ್ಭದಲ್ಲಿ ಜರ್ಮನಿಯನ್ನು ಉಲ್ಲೇಖಿಸಲೇಬೇಕು. 1956ರಲ್ಲಿ ಅಲ್ಲಿ ಶುರುವಾದ 'ಆನೆ ಜಮಾವಣೆ'ಗೆ ಸವಾರರು ಬೇಕೆಂದೇ ಕಡುಚಳಿಯಲ್ಲಿ ಬಂದು ಹಿಮದ ಮೇಲೆ ಡೇರೆ ಹಾಕುತ್ತಾರೆ. 'ಹಸಿರು ಆನೆ' ಎಂಬ ಅಡ್ಡಹೆಸರಿದ್ದ ತ್ಸುಂಡಾಪ್ ಬೈಕಿನಿಂದ ಜಮಾವಣೆಗೆ ಆ ಹೆಸರು. ಆ ಬೈಕುಗಳ ಪಕ್ಕದಲ್ಲಿ ಹೆಚ್ಚಾಗಿ ಸೈಡ್‌ಕಾರ್ ಇರುತ್ತಿತ್ತು, ಅಂದರೆ ಮೂರನೆಯ ಚಕ್ರ. ಹಿಮದ ಬಗ್ಗೆ ನಿಜವಾಗಿ ಯೋಚಿಸಿದವರು ತಲುಪಿದ ತೀರ್ಮಾನ ಅದು. ನಮ್ಮ ಸಂಕಥನದಲ್ಲಿ ಅದಕ್ಕೆ ಜಾಗವಿಲ್ಲ, ಮೂರು ಚಕ್ರಕ್ಕೆ ನಾವು ಆಟೊ ಎನ್ನುತ್ತೇವೆ.

3. ಮಂಜುಗಡ್ಡೆ ಎಂಬ ಪಠ್ಯ

ಬ್ಲ್ಯಾಕ್ ಐಸ್ ಅತ್ಯಂತ ಪಾರದರ್ಶಕವಾದ ಪಠ್ಯ. ಎಷ್ಟು ಪಾರದರ್ಶಕವೆಂದರೆ ಕೆಳಗಿನ ಟಾರು ಕಾಣುತ್ತದೆ, ಪಠ್ಯವೇ ಕಾಣುವುದಿಲ್ಲ. ಇದರ ರಚನೆ ಹೀಗೆ: ಹಗಲು ಬಿಸಿಲಿಗೆ ಬೆಟ್ಟದ ಹಿಮ ಕರಗಿ ರಸ್ತೆಗೆ ಅಡ್ಡವಾಗಿ ಹರಿಯುತ್ತದೆ, ಮಧ್ಯಾಹ್ನ ಮೂರರ ಮೇಲೆ ನೆರಳು ಬಿದ್ದೊಡನೆ ಅಲ್ಲೇ ಗಟ್ಟಿಯಾಗುತ್ತದೆ. ಆದ್ದರಿಂದ ತಿರುವಿನ ಒಳಬದಿ, ಬಂಡೆಯ ನೆರಳು, ಸೇತುವೆಯ ಮೇಲೆ, ಈ ಮೂರು ಕಡೆ ಅನುಮಾನ ಕಡ್ಡಾಯ.

ಮಂಜುಗಡ್ಡೆ ಏಕೆ ಜಾರುತ್ತದೆ ಎಂಬುದು ಹಳೆಯ ವಾದ. ಮೇಲಿನ ಭಾರಕ್ಕೆ ಐಸು ಕರಗಿ ನೀರಾಗುತ್ತದೆ, ಅದಕ್ಕೇ ಜಾರುತ್ತದೆ ಎಂದು ಬಹುಕಾಲ ಪಾಠ ಹೇಳಿದರು. ಲೆಕ್ಕ ಕೂಡುವುದಿಲ್ಲ. ಮಂಜುಗಡ್ಡೆ ಕರಗುವ ಬಿಂದುವನ್ನು ಒಂದೇ ಒಂದು ಡಿಗ್ರಿ ಇಳಿಸಲು ವಾಯುಮಂಡಲದ ಒತ್ತಡದ ನೂರಮೂವತ್ತು ಪಟ್ಟಿಗೂ ಹೆಚ್ಚು ಬೇಕು, ಬೈಕಿನ ಟೈರು ಕೊಡುವುದು ಎರಡು ಪಟ್ಟಿನ ಆಸುಪಾಸು. ಐಸಿನ ಮೈಮೇಲೆ ಸೊನ್ನೆಗಿಂತ ಕೆಳಗೂ ನೀರಿನಂಥ ತೆಳುಪದರ ಇರಬೇಕೆಂದು ಮೈಕೇಲ್ ಫ್ಯಾರಡೆ 1850ರಲ್ಲೇ ಊಹಿಸಿದ್ದ. ಸೊನ್ನೆಯ ಹತ್ತಿರ ಆ ಪದರ ದಪ್ಪ, ಹಾಗಾಗಿ ಕರಗಲು ಹೊರಟ ಐಸೇ ಕಡುಚಳಿಯ ಐಸಿಗಿಂತ ಅಪಾಯಕಾರಿ. 'ಬಿಸಿಲು ಬಂತು, ಇನ್ನೇನು ಭಯವಿಲ್ಲ' ಎನ್ನುವ ಆತ್ಮಶೋಧಕರು ಇದನ್ನು ಅಡಿಗೆರೆ ಹಾಕಿ ಓದಬೇಕು.

'ಭಾರೀ ಬೈಕು ನೆಲಕ್ಕೆ ಗಟ್ಟಿ ಕಚ್ಚಿಕೊಳ್ಳುತ್ತದೆ' ಎಂಬ ಸಿದ್ಧಾಂತವನ್ನೂ ಇಲ್ಲೇ ಖಂಡಿಸಲಾಗುವುದು. ತೂಕ ಹೆಚ್ಚಿದಷ್ಟು ಘರ್ಷಣೆ ಹೆಚ್ಚುವುದು ನಿಜ, ನಿಲ್ಲಿಸಬೇಕಾದ ತೂಕವೂ ಅಷ್ಟೇ ಹೆಚ್ಚಿರುತ್ತದೆ. ಎರಡೂ ವಜಾ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಬೈಕು ಒಣ ಟಾರಿನ ಮೇಲೆ ಸುಮಾರು 9 ಮೀಟರಿನಲ್ಲಿ ನಿಂತರೆ, ಮಂಜುಗಡ್ಡೆಯ ಮೇಲೆ 60 ಮೀಟರ್ ದಾಟುತ್ತದೆ. ಆ 60 ಮೀಟರಿನೊಳಗೆ ಆ ರಸ್ತೆ ಒಮ್ಮೆಯಾದರೂ ತಿರುಗಿರುತ್ತದೆ.

4. ಪತನದ ಷೋಡಶವಿಧ ವರ್ಗೀಕರಣ

ಅ) ನಿಶ್ಚಲಪತನ: ಗಾಡಿ ನಿಂತಿರುವಾಗ ಬೀಳುವುದು. ಸವಾರ ಚೆನ್ನಾಗಿಯೇ ನಿಲ್ಲಿಸುತ್ತಾನೆ, ಎಡಗಾಲು ಊರುತ್ತಾನೆ. ಬೂಟು ಮೆಲ್ಲಗೆ ಹೊರಕ್ಕೆ ಜಾರುತ್ತದೆ. 195 ಕೆ.ಜಿ. ಎಡಕ್ಕೆ ವಾಲತೊಡಗುತ್ತದೆ. ಮುಂದೆ ಏನಾಗಲಿದೆ ಎಂಬುದು ಅವನಿಗೂ ಗೊತ್ತು, ಹಿಂದೆ ನಿಂತವನಿಗೂ ಗೊತ್ತು. ಇಬ್ಬರಿಗೂ ಪೂರ್ತಿ ಯೋಚಿಸುವಷ್ಟು ಸಮಯವಿರುತ್ತದೆ, ತಡೆಯುವಷ್ಟು ಇರುವುದಿಲ್ಲ.

ಆ) ಅಗ್ರಚಕ್ರಪತನ: ಮುಂದಿನ ಬ್ರೇಕ್ ಹಿಡಿಯುವುದು. ವ್ಯಾಖ್ಯಾನ ಬರೆಯಲು ವ್ಯವಧಾನವಿರುವುದಿಲ್ಲ.

ಇ) ಪೃಷ್ಠಚಕ್ರಪತನ: ಇಳಿಜಾರಿನಲ್ಲಿ ಗೇರು ಇಳಿಸಿ ಕ್ಲಚ್ ಫಕ್ಕನೆ ಬಿಟ್ಟಾಗ ಹಿಂಚಕ್ರ ಮುಂಚಕ್ರವನ್ನು ಓವರ್‌ಟೇಕ್ ಮಾಡಲು ಹೊರಡುವುದು.

ಈ) ಸಾಂಕ್ರಾಮಿಕ ಪತನ: ಬಿದ್ದವನನ್ನು ಎತ್ತಲು ಓಡಿಬಂದವನು ಬೀಳುವುದು. ಸಮುದಾಯದ ನೆಲೆ ಇಲ್ಲಿ ಕಾಣಿಸಿಕೊಳ್ಳುತ್ತದೆ.

ಉ) ಉಭಯಚಕ್ರ ಸಮಕಾಲಿಕ ತಿರ್ಯಕ್ಪತನ: ಇದನ್ನು ಮತ್ತೆ ಊರ್ಧ್ವಮುಖಿ, ಅಧೋಮುಖಿ ಎಂದು ಒಡೆದು, ಅಧೋಮುಖಿಯನ್ನು ಸಸರಂಜಾಮು, ನಿಸ್ಸರಂಜಾಮು ಎಂದು...

ಬೇಡ. ಉಳಿದ ಹನ್ನೊಂದನ್ನು ಬಿಡುತ್ತಿದ್ದೇನೆ. ಬಿದ್ದವನಿಗೆ ತನ್ನದು ಎಷ್ಟನೆಯ ವಿಧ ಎಂಬುದು ಬೇಕಾಗಿಲ್ಲ, ಎತ್ತಲು ಇನ್ನಿಬ್ಬರು ಬೇಕು. ಎತ್ತುವ ಮೊದಲು ಇಂಜಿನ್ ಆಫ್ ಮಾಡಿ, ಹಳೆಯ ಕಾರ್ಬುರೇಟರ್ ಗಾಡಿಯಾದರೆ ಪೆಟ್ರೋಲ್ ನಲ್ಲಿಯನ್ನು ಮುಚ್ಚಿ, ಎಲ್ಲರ ಬೂಟಿನ ಕೆಳಗೂ ಮಣ್ಣು ಹಾಕಿ. ಇಷ್ಟೇ ಶಾಸ್ತ್ರ.

5. ಶೀತಾನುಭವದ ರಸಪ್ರಕ್ರಿಯೆ

ವಿಭಾವ ಗಾಳಿ, ಅನುಭಾವ ಮೂಗಿನ ನೀರು, ಸಂಚಾರಿಭಾವ ಇಂಥ ಕೆಲಸಕ್ಕೆ ಯಾಕೆ ಬಂದೆ ಎಂಬುದು. ಹೊರಗೆ ಮೈನಸ್ 10 ಇದ್ದು ಗಾಡಿ 50 ಕಿ.ಮೀ.ಯಲ್ಲಿ ಓಡುತ್ತಿದ್ದರೆ ತೆರೆದ ಚರ್ಮಕ್ಕೆ ಅದು ಮೈನಸ್ 22ರಂತೆ ಕೊರೆಯುತ್ತದೆ. ಮೊದಲು ಕ್ಲಚ್ ಹಿಡಿಯುವ ಬೆರಳು ನೋಯುತ್ತದೆ, ಆಮೇಲೆ ನೋಯುವುದು ನಿಲ್ಲುತ್ತದೆ. ಗಾಬರಿಯಾಗಬೇಕಾದದ್ದು ಆಗ. ಜಾಕೆಟ್ಟಿನೊಳಗೆ ಎದೆಗೆ ನಾಲ್ಕು ಪದರ ಹಳೆಯ ದಿನಪತ್ರಿಕೆ, ಕಾಲುಚೀಲದ ಮೇಲೊಂದು ಪ್ಲಾಸ್ಟಿಕ್ ಚೀಲ: ಸಾವಿರಾರು ರೂಪಾಯಿಯ ಗೇರ್ ಸೋತಲ್ಲಿ ಇವು ಕೈಹಿಡಿದಿವೆ. ಬೆಳಿಗ್ಗೆ ಇಂಜಿನ್ ಆಯಿಲ್ ಬೆಲ್ಲದ ಪಾಕದಂತೆ ಗಟ್ಟಿಯಾಗಿ, ಬ್ಯಾಟರಿ ಕೈಚೆಲ್ಲಿ ಕೂತಾಗ, ರಾತ್ರಿಯೇ ಇಂಜಿನ್ನಿಗೆ ಕಂಬಳಿ ಹೊದಿಸಿದವರ ಗಾಡಿ ಮೊದಲು ಶುರುವಾಗುತ್ತದೆ.

6. ಉಪಸಂಹಾರದ ಬದಲು

ಇಲ್ಲಿ ಪದ್ಧತಿಯಂತೆ 'ಹೀಗಾಗಿ ಹಿಮಪಥವು ಸವಾರನ ಅಸ್ತಿತ್ವದ ಹೊಸ ಆಯಾಮಗಳನ್ನು ತೆರೆದಿಡುತ್ತದೆ' ಎಂದು ಬರೆಯಬೇಕು. ಬರೆಯಲಾರೆ.

ಆ ರಸ್ತೆ ತಾನಾಗಿ ತೆರೆದುಕೊಂಡಿರುವುದಿಲ್ಲ. ಹಿಮ ಬಿದ್ದ ಪ್ರತಿಸಲ ಗಡಿ ರಸ್ತೆ ಸಂಸ್ಥೆಯ ಯಂತ್ರಗಳು ಬಂದು ಅದನ್ನು ಬಗೆಯುತ್ತವೆ. ಯಂತ್ರ ಬಿಟ್ಟುಹೋದ ತಿರುವಿನಲ್ಲಿ ಜಾರ್ಖಂಡ್, ಬಿಹಾರ, ನೇಪಾಳಗಳಿಂದ ಬಂದ ಕೂಲಿಗಳು ಗಮ್‌ಬೂಟು ಹಾಕಿಕೊಂಡು, ಸಲಿಕೆಯಲ್ಲಿ ಐಸು ಕೆರೆದು ಮಣ್ಣು ಎರಚುತ್ತಾರೆ. ಅವರ ಕೈಯಲ್ಲಿ ನೂಲಿನ ಗ್ಲೌಸು, ಅದೂ ಒದ್ದೆ. ಟೈರು ಕಚ್ಚಿಕೊಳ್ಳುವುದು ಆ ಮಣ್ಣನ್ನು. ಅದರ ಮೇಲೆ ಗಾಡಿ ದಾಟಿಸಿ, ಆಚೆ ಹೋಗಿ, 'ಹಿಮಾಲಯವನ್ನು ಗೆದ್ದೆ' ಎಂದು ಬರೆಯಲು ಕೈ ಹೇಗಾದರೂ ಬರುತ್ತದೆ? ಯಾರನ್ನು ಗೆದ್ದಿರಿ ಸ್ವಾಮಿ? ದಿನಗೂಲಿಯವನು ಮಾಡಿಟ್ಟ ದಾರಿಯಲ್ಲಿ ಹೋಗಿಬಂದಿರಿ.

ಸಂಕಥನ ಧಾರೆಯವರೂ ಬೀಗಬೇಕಾಗಿಲ್ಲ. ಅವರು ಇವರನ್ನು 'ಅಂಚಿನ ಸಮುದಾಯಗಳ ಶ್ರಮಸಂಸ್ಕೃತಿ' ಎಂದು ಒಂದು ಅಡಿಟಿಪ್ಪಣಿಗೆ ತಳ್ಳಿ, ಊಟದ ವಿರಾಮಕ್ಕೆ ಎದ್ದುಹೋಗುತ್ತಾರೆ. ಸವಾರನ ಫೋಟೊದಲ್ಲೂ ವಿದ್ವಾಂಸನ ಪ್ರಬಂಧದಲ್ಲೂ ಸಲಿಕೆ ಹಿಡಿದ ಕೈ ಕಾಣುವುದಿಲ್ಲ. ನನಗೆ ಸಿಟ್ಟು ಬಂದದ್ದು ಇದಕ್ಕೆ, ಈ ಮೀಮಾಂಸೆ ಹುಟ್ಟಿದ್ದೂ ಇದರಿಂದ.

ಚಳಿಗಾಲದಲ್ಲಿ ಸ್ಪಿತಿಗೆ ಹೋಗುವವರು ಹೋಗಿ, ಬೇಡವೆನ್ನುವುದಿಲ್ಲ. ಮಧ್ಯಾಹ್ನ ಮೂರರೊಳಗೆ ಊರು ಸೇರಿಕೊಳ್ಳಿ. ಐಸಿನ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡಿ. ರಸ್ತೆಯ ಮೇಲೆ ಹೊಸ ಮಣ್ಣು ಕಂಡೊಡನೆ ವೇಗ ಇಳಿಸಿ, ಮುಂದಿನ ತಿರುವಿನಲ್ಲಿ ಅದನ್ನು ಎರಚುತ್ತಿರುವವರು ರಸ್ತೆಯಲ್ಲೇ ನಿಂತಿರುತ್ತಾರೆ, ಮತ್ತು ಆ ಐಸಿನ ಮೇಲೆ ನಿಮ್ಮ ಗಾಡಿ ನಿಲ್ಲುವುದಿಲ್ಲ.