ಪರೀಕ್ಷೆಯ ಹಿಂದಿನ ರಾತ್ರಿ

ಪಕ್ಕದ ಮನೆಯ ಅಜ್ಜಿಗೆ ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆ. 78 ವರ್ಷದ ಜೀವ. ರಕ್ತ ಎಲ್ಲಿ ಸೋರಿ ಹೋಗ್ತಿದೆ ನೋಡಬೇಕು ಅಂತ ಡಾಕ್ಟರು ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡೋ ಪರೀಕ್ಷೆ, ಬರೆದುಕೊಟ್ಟಿದ್ದಾರೆ. ಸಂಜೆ ನಾನು ಗಿಡಕ್ಕೆ ನೀರು ಹಾಕ್ತಿದ್ದಾಗ ಅವರ ಸೊಸೆ ಕಾಂಪೌಂಡ್ ಹತ್ತಿರ ಬಂದಳು. ಕೈಯಲ್ಲಿ ಒಂದು ಪುಡಿ ಪ್ಯಾಕೆಟ್ಟು, ಒಂದು ಇಂಗ್ಲಿಷ್ ಚೀಟಿ.

"ಅಕ್ಕಾ, 2 ಲೀಟರ್ ನೀರಿಗೆ ಕಲಸಿ ಕುಡಿಸಿ ಅಂತ ಬರೆದಿದೆ. ಇಷ್ಟೇನಾ?"

ಇಷ್ಟೇ ಅಲ್ಲ ಕಣಮ್ಮ, ಅಂದೆ. ಆಸ್ಪತ್ರೆಯಲ್ಲಿ ಆಗೋ ಪರೀಕ್ಷೆ ಹೆಚ್ಚೆಂದರೆ ಅರ್ಧ-ಮುಕ್ಕಾಲು ಗಂಟೆ. ಮತ್ತಿನ ಸೂಜಿ ಕೊಟ್ಟಿರ್ತಾರೆ, ಅವರಿಗೆ ಬಹಳ ಗೊತ್ತೂ ಆಗೋಲ್ಲ. ವಯಸ್ಸಾದವರಿಗೆ ನಿಜವಾದ ಪರೀಕ್ಷೆ ಅಂದರೆ ಹಿಂದಿನ ದಿನ ಮತ್ತು ಹಿಂದಿನ ರಾತ್ರಿ. ಅದು ನಡೆಯೋದು ಮನೆಯಲ್ಲಿ. ಅಲ್ಲಿ ಡಾಕ್ಟರೂ ಇರೋಲ್ಲ, ನರ್ಸೂ ಇರೋಲ್ಲ, ನೀನೇ ಇರಬೇಕು.

ಅಷ್ಟರಲ್ಲಿ ಜಗುಲಿಯಿಂದ ಅಜ್ಜಿ ದನಿ ಬಂತು: "ನಾನು ಏಕಾದಶಿ ಮಾಡದವಳೇನೇ? ಒಂದು ದಿನ ಉಪವಾಸ ಇದ್ದು, ರಾತ್ರಿ ಒಂದು ಚಮಚ ಹರಳೆಣ್ಣೆ ಕುಡಿದರೆ ಹೊಟ್ಟೆ ತಾನೇ ಖಾಲಿಯಾಗುತ್ತೆ. ಆ ಉಪ್ಪು ನೀರೆಲ್ಲ ಯಾಕೆ?"

ಅವರ ಕಾಲದಲ್ಲಿ ಮಕ್ಕಳಿಗೆಲ್ಲ ಹರಳೆಣ್ಣೆಯೇ ಮದ್ದು, ಹಾಗೆ ಹೇಳೋದು ಸಹಜ. ಆದರೆ ಇದಕ್ಕೆ ಅದು ಸಾಲದು. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಅದರ ಮಡಿಕೆ ಮಡಿಕೆಯನ್ನೂ ಕ್ಯಾಮೆರಾ ನೋಡಬೇಕು. ಒಳಗೋಡೆಯಲ್ಲಿ ಉದ್ದಿನಕಾಳಿನಷ್ಟು ಗಂಟು, ಪಾಲಿಪ್ ಅಂತಾರೆ, ಇರಬಹುದು. ಕೆಲವಂತೂ ಗಂಟಿನ ಹಾಗೆ ಎದ್ದು ಕಾಣದೆ ಚಪ್ಪಟೆಯಾಗಿ ಲೋಳೆ ಮುಚ್ಚಿಕೊಂಡು ಕೂತಿರುತ್ತವೆ. ಸ್ವಲ್ಪ ಮಲ ಉಳಿದರೂ ಅವು ಕಣ್ಣಿಗೆ ಬೀಳೋಲ್ಲ. ಕರುಳು ಎಷ್ಟು ಚೊಕ್ಕಟವಾಗಿದೆ ಅನ್ನೋದಕ್ಕೂ ಡಾಕ್ಟರು ಅಂಕ ಹಾಕ್ತಾರೆ. ಬೋಸ್ಟನ್ ಮಾಪಕ ಅಂತ ಒಂದಿದೆ. ಕರುಳಿನ ಮೂರು ಭಾಗಕ್ಕೂ 0ಯಿಂದ 3ರವರೆಗೆ ಅಂಕ. ಪ್ರತಿ ಭಾಗಕ್ಕೂ ಕನಿಷ್ಠ 2 ಬಂದರೆ ಸರಿ ಅಂತ ಲೆಕ್ಕ. ಬರದಿದ್ದರೆ ಅಷ್ಟು ಸಂಕಟಪಟ್ಟು ಕುಡಿದದ್ದೆಲ್ಲ ವ್ಯರ್ಥ, ಇನ್ನೊಂದು ದಿನ ಮೊದಲಿಂದ ಶುರು. 78ರ ದೇಹಕ್ಕೆ ಎರಡೆರಡು ಸಲ ಈ ಕಷ್ಟ ಕೊಡಬಾರದು.

ಉಪವಾಸದ ಮಾತಿಗೆ ಅಜ್ಜಿಗೆ ಒಂದು ವಿಷಯ ಒತ್ತಿ ಹೇಳಿದೆ. ನೀರು ಮುಟ್ಟದ ಏಕಾದಶಿ ಇಲ್ಲಿ ನಡೆಯೋಲ್ಲ. ಹತ್ತಾರು ಸಲ ಭೇದಿಯಾಗುವಾಗ ನೀರೂ ಕುಡಿಯದಿದ್ದರೆ ಬಿ.ಪಿ. ಕುಸಿಯುತ್ತೆ, ಮೂತ್ರಪಿಂಡಕ್ಕೂ ಪೆಟ್ಟು. ಆ ದಿನ ಕುಡಿಯೋದೇ ವ್ರತ.

ಈ ಪುಡಿಯ ಹೆಸರು ಪಾಲಿಎಥಿಲೀನ್ ಗ್ಲೈಕಾಲ್. ಆಸ್ಪತ್ರೆಯವರು 'ಪೆಗ್' ಅಂತಾರೆ. ಇದು ಮೈಗೆ ಹತ್ತೋಲ್ಲ. ತಾನು ಬೆರೆತ ನೀರನ್ನು ಹಿಡಿದುಕೊಂಡು ಕರುಳಿನುದ್ದಕ್ಕೂ ಹಾಗೇ ಸಾಗಿ, ಎದುರಿಗಿದ್ದದ್ದನ್ನೆಲ್ಲ ತೊಳೆದುಕೊಂಡು ಹೊರಗೆ ಹೋಗುತ್ತೆ. ಮೈಯೊಳಗಿನ ನೀರು, ಉಪ್ಪು ಹೆಚ್ಚುಕಡಿಮೆ ಆಗದ ಹಾಗೆ ಲವಣಗಳನ್ನು ಅಳತೆಯಾಗಿ ಸೇರಿಸಿರ್ತಾರೆ. ಅಮೆರಿಕದ ವೈದ್ಯ ಜಾನ್ ಫೋರ್ಡ್‌ಟ್ರಾನ್ ಮತ್ತು ಅವರ ಜೊತೆಯವರು 1980ರಲ್ಲಿ ಈ ಮಿಶ್ರಣವನ್ನು ಪ್ರಕಟಿಸಿದರು. ಅವರ ಈ ಕೆಲಸದಿಂದ ಎಷ್ಟು ಮುದುಕರ ಜೀವ ಉಳಿದಿದೆಯೋ! "ಅಷ್ಟೊಂದು ಯಾಕೆ, ಸಣ್ಣ ಬಾಟಲಿಯ ಔಷಧಿ ಇಲ್ವಾ?" ಅಂದಳು ಸೊಸೆ. ಇದೆ, ಸೋಡಿಯಂ ಫಾಸ್ಫೇಟ್. ಕುಡಿಯೋಕೆ ಸುಲಭ. ಆದರೆ ಅದರಿಂದ ಕೆಲವರ ಕಿಡ್ನಿಗೇ ಹಾನಿಯಾಗಿ, 2008ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಕಠಿಣ ಎಚ್ಚರಿಕೆ ಹಾಕಿದರು. ವಯಸ್ಸಾದವರು, ಬಿ.ಪಿ.ಗೆ ಮಾತ್ರೆ ತೊಗೊಳ್ಳುವವರು ಅದರ ತಂಟೆಗೆ ಹೋಗಬಾರದು.

ಕುಡಿಸೋ ರೀತಿ ಮುಖ್ಯ. ಎಲ್ಲವನ್ನೂ ಒಂದೇ ರಾತ್ರಿ ಕುಡಿಸಬಾರದು. ಅರ್ಧ ಹಿಂದಿನ ಸಂಜೆ, ಇನ್ನರ್ಧ ಬೆಳಗ್ಗೆ. ಪರೀಕ್ಷೆಗೆ ನಾಲ್ಕೈದು ಗಂಟೆ ಇರುವಾಗ ಬೆಳಗಿನ ಭಾಗ ಶುರು ಮಾಡಬೇಕು, ಕನಿಷ್ಠ 2 ಗಂಟೆ ಮುಂಚೆ ಮುಗಿದಿರಬೇಕು. ಅರಿವಳಿಕೆ ಡಾಕ್ಟರು ಇನ್ನೂ ಮುಂಚೆ ಅಂದರೆ ಅವರ ಮಾತೇ ಕೊನೆ. ಹೀಗೆ ಎರಡು ಸಲಕ್ಕೆ ಹಂಚಿ ಕುಡಿಸಿದರೆ ಕರುಳೂ ಚೊಕ್ಕಟ, ವಾಂತಿಯೂ ಕಡಿಮೆ. ಅದಕ್ಕೇ ಹೇಳೋದು, ವಯಸ್ಸಾದವರಿಗೆ ಬೆಳಗ್ಗೆ 8 ಗಂಟೆಯ ಸರದಿ ಬೇಡ, 11ರ ಮೇಲೆ ಕೇಳಿ. ಪುಡಿ ಕಲಸಿ ಫ್ರಿಜ್ಜಿನಲ್ಲಿಟ್ಟರೆ ಕುಡಿಯೋಕೆ ಹಗುರ. ಕಾಲು ಗಂಟೆಗೊಂದು ಲೋಟ. ಓಕರಿಕೆ ಬಂದರೆ ಅರ್ಧ ಗಂಟೆ ಬಿಟ್ಟು ಮತ್ತೆ. ಮಲಗಿಸಿ ಕುಡಿಸಬೇಡಿ, ಶ್ವಾಸಕ್ಕೆ ಹೋದರೆ ಅಪಾಯ. ಕೊನೆಗೆ ಎಳೆ ಹಳದಿ ನೀರಿನಂತೆ, ಆಚೆ ಕಾಣುವಷ್ಟು ತಿಳಿಯಾಗಿ ಹೋದರೆ ಕೆಲಸ ಆಯ್ತು ಅಂತ. ಕಂದು ಬಣ್ಣ ಇದ್ದರೆ ಆಸ್ಪತ್ರೆಗೆ ಹೊರಡುವ ಮುಂಚೆಯೇ ಫೋನ್ ಮಾಡಿ ಹೇಳಿ.

"ಊಟ?" ಅಂದಳು. ಹಿಂದಿನ ದಿನ ಸೊಪ್ಪು, ಕಾಳು, ರಾಗಿ, ಸೌತೆ, ಸೀಬೆ, ಟೊಮೆಟೊ ಬೇಡ. ಮೆತ್ತಗೆ ಬೆಂದ ಬಿಳಿ ಅನ್ನ, ಮೊಸರು, ಎರಡು ಇಡ್ಲಿ ಸಾಕು. ನಮ್ಮ ಕಡೆ ಎಲ್ಲರೂ ಮರೆಯೋದು ಒಗ್ಗರಣೆಯನ್ನು! ಮೊಸರನ್ನಕ್ಕೆ ಹಾಕಿದ ಸಾಸಿವೆ, ಕರಿಬೇವು ಕರುಳಲ್ಲಿ ಹಾಗೇ ಕೂತಿರುತ್ತೆ. ಕ್ಯಾಮೆರಾ ಜೊತೆಗಿರೋ, ನೀರು ಹೀರುವ ಸಣ್ಣ ಕೊಳವೆಗೆ ಬೀಜ ಸಿಕ್ಕಿಕೊಂಡರೆ ಡಾಕ್ಟರು ಪಾಡುಪಡಬೇಕು. ಪುಡಿ ಶುರುವಾದ ಮೇಲೆ ತಿಳಿಯಾದದ್ದು ಮಾತ್ರ: ಸೋಸಿದ ಬೇಳೆಕಟ್ಟು, ಸೋಸಿದ ನಿಂಬೆ ಪಾನಕ, ಎಳನೀರು. ಕಿಡ್ನಿ ತೊಂದರೆ ಇದ್ದವರಿಗೆ ಎಳನೀರೂ ಕೇಳಿಯೇ ಕೊಡಬೇಕು. ಕಾಫಿ ಇಲ್ಲದೆ ಅಜ್ಜಿಗೆ ತಲೆನೋವು ಬರುತ್ತಲ್ಲ, ಹಾಲು ಹಾಕದ ಡಿಕಾಕ್ಷನ್ ಕೊಡಿ. ಬೀಟ್‌ರೂಟ್, ದಾಳಿಂಬೆ, ಕಲ್ಲಂಗಡಿ ರಸ ಬೇಡ, ಒಳಗೆ ನೋಡಿದರೆ ರಕ್ತದ ಹಾಗೇ ಕಾಣುತ್ತೆ.

ಇನ್ನು ಮಾತ್ರೆಗಳು. ಇಲ್ಲೇ ಹೆಚ್ಚು ಅನಾಹುತ. ರಕ್ತ ಕಡಿಮೆ ಅಂತ ಅಜ್ಜಿ ಐರನ್ ಮಾತ್ರೆ ನುಂಗ್ತಿದ್ದಾರೆ. ಅದು ಮಲವನ್ನು ಕಪ್ಪಾಗಿ ಅಂಟಂಟು ಮಾಡುತ್ತೆ, ಐದಾರು ದಿನ ಮುಂಚೆಯೇ ನಿಲ್ಲಿಸಿ ಅಂತಾರೆ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಊಟದ ಲೆಕ್ಕಕ್ಕೆ ಬರೆದದ್ದು. ಊಟವಿಲ್ಲದ ದಿನ ಅಷ್ಟೇ ಕೊಟ್ಟರೆ ಸಕ್ಕರೆ ಪಾತಾಳಕ್ಕೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನೋ ಜಾತಿಯ ಮಾತ್ರೆಯನ್ನು ಸಾಮಾನ್ಯವಾಗಿ 3 ದಿನ ಮುಂಚೆ ಬಿಡಿಸ್ತಾರೆ. ಕಾಲು ಊತಕ್ಕೆ ಕೊಡೋ ನೀರು ಹೋಗೋ ಮಾತ್ರೆ, ಬಿ.ಪಿ. ಮಾತ್ರೆ, ಹೃದಯಕ್ಕೆ ಅಂತ ಕೊಡೋ ರಕ್ತ ತೆಳು ಮಾಡೋ ಮಾತ್ರೆ, ಎಲ್ಲವನ್ನೂ ಡಬ್ಬಿ ಸಮೇತ ಡಾಕ್ಟರ ಮುಂದೆ ಸುರಿದು ಕೇಳಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಕ್ಲೋಪಿಡೋಗ್ರೆಲ್ ಅನ್ನೋ ರಕ್ತ ತೆಳು ಮಾಡೋ ಮಾತ್ರೆಯನ್ನು ತಾವಾಗಿಯೇ ಬಿಡಬಾರದು, ಪ್ರಾಣಕ್ಕೇ ಬರಬಹುದು. ಮೊದಲಿಂದಲೂ ಮಲಬದ್ಧತೆ ಇದ್ದವರು, ಪಾರ್ಕಿನ್ಸನ್ಸ್ ಇದ್ದವರು ಅದನ್ನೂ ಹೇಳಬೇಕು. ಅವರಿಗೆ ಒಂದು ಪ್ಯಾಕೆಟ್ಟಿನಲ್ಲಿ ಮುಗಿಯೋಲ್ಲ.

ರಾತ್ರಿಯ ವಿಷಯಕ್ಕೆ ಬಂದಾಗ ಸೊಸೆ ದನಿ ತಗ್ಗಿಸಿದಳು. "ಸೀರೆ ಹಾಳಾದರೆ ಅಂತ ಅವರಿಗೆ ಈಗಲೇ ನಾಚಿಕೆ ಅಕ್ಕಾ." ಆ ನಾಚಿಕೆಯೇ ನನಗೆ ಭಯ. ಯಾರನ್ನೂ ಎಬ್ಬಿಸಬಾರದು ಅಂತ ಕತ್ತಲಲ್ಲಿ ಒಬ್ಬರೇ ಎದ್ದು ಓಡ್ತಾರೆ. ಮೈಯಲ್ಲಿ ನೀರಿಲ್ಲ, ಎದ್ದ ತಕ್ಷಣ ಕಣ್ಣು ಕತ್ತಲೆ, ಬಚ್ಚಲ ನೆಲ ಒದ್ದೆ. ಕರುಳು ನೋಡಿಸೋಕೆ ಹೊರಟವರು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಬಾರದು. ಅವತ್ತು ಸೀರೆ ಬೇಡ, ಹಳೇ ನೈಟಿ ಹಾಕಿಸು. ಮಂಚದಿಂದ ಬಚ್ಚಲವರೆಗೆ ದಾರಿಯಲ್ಲಿ ಕಾಲೊರಸು, ಕುರ್ಚಿ ಏನೂ ಬೇಡ, ದೀಪ ಉರೀತಿರಲಿ. ಮಂಡಿ ನೋವಿದ್ದರೆ ಮಂಚದ ಪಕ್ಕವೇ ಕಮೋಡ್ ಕುರ್ಚಿ ಇಡು, ಬಾಡಿಗೆಗೂ ಸಿಗುತ್ತೆ. ಉರಿ ಆಗದ ಹಾಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಳ್ಳಲಿ. ನೀನು ಅದೇ ಕೋಣೆಯಲ್ಲಿ ಮಲಗು. ತಲೆ ಸುತ್ತಿ ಬಿದ್ದರೆ, ವಾಂತಿ ನಿಲ್ಲದಿದ್ದರೆ, ಮಾತು ತಡವರಿಸಿದರೆ, ಹೊಟ್ಟೆ ಉಬ್ಬಿ ನೋವಿದ್ದೂ ಭೇದಿ ಆಗದಿದ್ದರೆ ಕುಡಿಸೋದು ನಿಲ್ಲಿಸಿ ಫೋನ್ ಮಾಡು.

ಇಷ್ಟು ಕಷ್ಟ ಪಡಲೇಬೇಕಾ ಅಂತ ಕೇಳೋದೂ ತಪ್ಪಲ್ಲ. ಅಮೆರಿಕದಲ್ಲಿ 2021ರ ಶಿಫಾರಸಿನಂತೆ ಏನೂ ತೊಂದರೆ ಇಲ್ಲದವರಿಗೆ ಕರುಳಿನ ಕ್ಯಾನ್ಸರ್ ಇದೆಯಾ ಅಂತ ನೋಡೋ ತಪಾಸಣೆ 45ರಿಂದ 75 ವರ್ಷದವರೆಗೆ; 76ರಿಂದ 85ರವರೆಗೆ ವ್ಯಕ್ತಿ ನೋಡಿ ತೀರ್ಮಾನ. ಹಾಸಿಗೆ ಹಿಡಿದ ಹಿರಿಯರಿಗೆ, ಲಕ್ಷಣವೇ ಇಲ್ಲದಾಗ, 'ಬೇಡ' ಅನ್ನೋದೂ ಒಳ್ಳೆ ವೈದ್ಯವೇ. ಅಜ್ಜಿಯ ಮಾತು ಬೇರೆ. ರಕ್ತ ಹೋಗ್ತಿದೆ, ಕಾರಣ ಗೊತ್ತಾಗಬೇಕು, ಗೊತ್ತಾದರೆ ಚಿಕಿತ್ಸೆ ತಾಳುವ ಶಕ್ತಿಯೂ ಇದೆ.

ಮನೆಯಲ್ಲಿ ಹಿರಿಯರಿದ್ದು ಇಂಥ ಚೀಟಿ ಕೈಗೆ ಬಂದವರು ದಯವಿಟ್ಟು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಬರಬೇಡಿ. ಯಾವ ಮಾತ್ರೆ ಯಾವತ್ತಿಂದ ಬೇಡ, ಎಷ್ಟು ಗಂಟೆಗೆ ಎಷ್ಟು ಲೋಟ, ನಡುರಾತ್ರಿ ತೊಂದರೆಯಾದರೆ ಯಾವ ನಂಬರು, ಇಷ್ಟನ್ನೂ ಅಲ್ಲೇ ಕೂತು ಕನ್ನಡದಲ್ಲಿ ಬರೆಸಿಕೊಂಡು ಬನ್ನಿ.